ಪೊಮಾನ ವಾಪಸ್ ಕೇಳಿದ ಜಂಫೀರ

ಗುಡ್ಡಗಳ ನಡುವಿನ ಪೊಯೆನಿ ಎಂಬ ಊರಿನಲ್ಲಿ ಹಂದಿ ಕೊಯ್ಯುವ ಗಂಡಸರಿಗೆ ಬರವಿರಲಿಲ್ಲ. ಕರುಳು ತೊಳೆಯುವ ಹೆಂಗಸು ಮಾತ್ರ ಒಬ್ಬಳೇ, ಅವಳು ಜಂಫೀರ. ಕ್ರಿಸ್‌ಮಸ್ಸಿಗೆ ಮುಂಚೆ ಮನೆಮನೆಯಲ್ಲೂ ಹಂದಿ ಬೀಳುವ ದಿನಗಳಲ್ಲಿ ಗಂಡಸರು ಅದನ್ನು ಕೆಡವಿ, ಹುಲ್ಲು ಹೊತ್ತಿಸಿ ಮೈಯ ಕೂದಲು ಸುಟ್ಟು, ಪ್ಲಮ್ ಸಾರಾಯಿ ಹಾಕಿಕೊಂಡು, ರಾಜ್ಯ ಗೆದ್ದವರ ಹಾಗೆ ಮೀಸೆ ಒರೆಸಿಕೊಳ್ಳುತ್ತ ನಿಂತಿರುತ್ತಿದ್ದರು. ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ಆಮೇಲೆ. ಹಬೆಯಾಡುವ ಕರುಳನ್ನು ಮರದ ಮರಿಗೆಗೆ ತುಂಬಿಕೊಂಡು ಜಂಫೀರ ಹಳ್ಳಕ್ಕೆ ಇಳಿಯುವಳು. ಮಂಜುಗಡ್ಡೆ ಒಡೆದು ಆ ನೀರಿನಲ್ಲಿ ಕರುಳನ್ನು ಒಳಹೊರಗು ತಿರುಗಿಸುವಳು, ಚಾಕುವಿನ ಬೆನ್ನಿನಿಂದ ಕೆರೆಯುವಳು, ಮೆಕ್ಕೆಜೋಳದ ಹಿಟ್ಟು, ಉಪ್ಪು, ವಿನಿಗರ್ ಹಾಕಿ ಉಜ್ಜುವಳು, ಮೂಗಿಗೆ ಹಿಡಿದು ನೋಡಿ ಮತ್ತೆ ಉಜ್ಜುವಳು. ಮಧ್ಯಾಹ್ನದ ಹೊತ್ತಿಗೆ ಆ ಕರುಳಿಗೆ ಲಿವರ್, ಅಕ್ಕಿ, ಮೆಣಸು ತುಂಬಿ ಕಟ್ಟಿದ ಸಾಸೇಜುಗಳು ಒಲೆಯ ಮೇಲಿನ ಗಳುವಿನಲ್ಲಿ ನೇತಾಡುತ್ತಿದ್ದವು. ಊರಿನವರು ಇಡೀ ಚಳಿಗಾಲ ಅವನ್ನೇ ತಿನ್ನುತ್ತಿದ್ದರು.

ಕುಳ್ಳಗಿನ, ಅಗಲ ಹೆಗಲಿನ, ಗಟ್ಟಿ ಗಂಟಲಿನ ಹೆಂಗಸು ಅವಳು. ಯಾರಿಗೂ ಸೊಪ್ಪು ಹಾಕಿದವಳಲ್ಲ. ಹಂದಿಯ ಲಿವರ್ ಮೇಲೆ ಬಿಳಿ ಮಚ್ಚೆ ಕಂಡರೆ ಬೇರೆ ಹೆಂಗಸರು ಮುಖ ಸಿಂಡರಿಸಿ ಇಡೀ ಲಿವರನ್ನೇ ನಾಯಿಗೆ ಎಸೆಯುತ್ತಿದ್ದರು. ಜಂಫೀರ ಮಚ್ಚೆಯ ಸುತ್ತ ಚಾಕು ಆಡಿಸಿ ಅಷ್ಟನ್ನು ಕಿತ್ತು ಎಸೆದು, ಉಳಿದದ್ದನ್ನು ಪಾತ್ರೆಗೆ ಹಾಕುತ್ತಿದ್ದಳು. ಯಾರಾದರೂ ಹೇಸಿಕೊಂಡರೆ, "ನಿನ್ನ ಗಂಡನ ಮೂಗಿನ ಮೇಲೆ ಗುಳ್ಳೆ ಎದ್ರೆ ಇಡೀ ಗಂಡನ್ನೇ ಎಸೀತೀಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕೆಲವರು ಸ್ವಲ್ಪ ಹೊತ್ತು ಯೋಚಿಸುತ್ತಿದ್ದರು.

ಇಂಥವಳಿಗೆ ತನ್ನ ಕರುಳಿನಲ್ಲೇ ಏನೋ ಆಗಿದೆ ಎಂಬುದು ತಿಳಿಯಲಿಲ್ಲ. ರಕ್ತ ಬಿದ್ದಾಗ ಮೂಲವ್ಯಾಧಿ ಅಂದುಕೊಂಡಳು. ಅಕ್ಕ ಸ್ಟಾಂಕ ತುರಿಕೆ ಸೊಪ್ಪಿನ ಕಷಾಯ ಕುಡಿಸಿದಳು. ವಸಂತದಲ್ಲಿ ಮೆಕ್ಕೆಜೋಳ ಬಿತ್ತುವಾಗ ಹೊಲದಲ್ಲೇ ತಲೆ ತಿರುಗಿ ಕೂತುಬಿಟ್ಟಾಗ ಗಂಡ ಓಪ್ರಿಯ ಹೆದರಿ, ಅವಳ ಬೈಗುಳ ತಿನ್ನುತ್ತಲೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದ. ಕ್ಯಾಮೆರಾ ಹಾಕಿ ನೋಡಿದರು, ಸ್ಕ್ಯಾನ್ ಮಾಡಿದರು. ದೊಡ್ಡ ಕರುಳಿನ ಎಡಗಡೆ ಗಡ್ಡೆ, ಅಲ್ಲಿಂದ ಹೋಗಿ ಲಿವರ್‌ನಲ್ಲಿ ಕೂತ ಎರಡು ಮಚ್ಚೆ. ಅಲ್ಲಿನ ಡಾಕ್ಟರು ರೂಢಿಯಂತೆ ರೋಗಿಯನ್ನು ಬಿಟ್ಟು ಗಂಡನನ್ನು ಕಾರಿಡಾರಿಗೆ ಕರೆದು ಹೇಳಿದರು. ಓಪ್ರಿಯ ಹೆಂಡತಿಗೆ ಹೇಳಲು ಧೈರ್ಯ ಸಾಲದೆ ಸ್ಟಾಂಕಳಿಗೆ ಹೇಳಿದ. ಸ್ಟಾಂಕ ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡು ಪಕ್ಕದ ಮನೆಯ ವೇತಳಿಗೆ ಹೇಳಿದಳು. ಒಟ್ಟಿನಲ್ಲಿ ಊರಿಗೆಲ್ಲ ಗೊತ್ತಾದ ಮೇಲೆ, ಬ್ರೆಡ್ಡಿನ ಅಂಗಡಿಯ ಮುಂದೆ ವೇತ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಾಗ, ಜಂಫೀರಳಿಗೆ ತನಗೆ ಕ್ಯಾನ್ಸರ್ ಎಂದು ಗೊತ್ತಾಯಿತು.

ಮನೆಗೆ ಬಂದವಳೇ ಬ್ರೆಡ್ಡನ್ನು ಮೇಜಿನ ಮೇಲೆ ಕುಕ್ಕಿ ಓಪ್ರಿಯನ ಎದುರು ನಿಂತಳು.

"ಎಲ್ಲಿಗೆ ಹೋಗಿದೆಯಂತೆ?"

"ಲಿವರ್‌ಗೆ," ಎಂದ ಓಪ್ರಿಯ, ನೆಲ ನೋಡುತ್ತ.

"ನನ್ನ ಲಿವರ್ ಬಗ್ಗೆ ವೇತಾಗೆ ಗೊತ್ತು, ಬ್ರೆಡ್ ಮಾರೋನಿಗೆ ಗೊತ್ತು. ಹಂದಿಗೂ ಹೇಳಿದ್ಯೋ, ಇಲ್ಲ ಅದಕ್ಕೆ ಆಮೇಲೆ ಹೇಳೋಣ ಅಂತಿದ್ಯೋ?"

ಅಷ್ಟು ಹೇಳಿ ಅವಳು ಹಿತ್ತಲಿಗೆ ಹೋಗಿ ಬೇಲಿಗೆ ಒರಗಿ ನಿಂತಳು. ಭಯವಾಗಿತ್ತು, ಆದರೆ ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ತನ್ನನ್ನು ಬಿಟ್ಟು ಊರೆಲ್ಲ ಸೇರಿ ತನ್ನ ಸಾವನ್ನು ಒಪ್ಪಿಕೊಂಡುಬಿಟ್ಟಿದೆಯಲ್ಲ ಎಂಬ ಸಿಟ್ಟು ಅದು.

ಊರು ನಿಜಕ್ಕೂ ಒಪ್ಪಿಕೊಂಡಿತ್ತು. ಲಿವರ್‌ಗೆ ಹೋಯಿತೆಂದರೆ ಪೊಯೆನಿಯಲ್ಲಿ ಎಳ್ಳುನೀರು ಬಿಟ್ಟಂತೆಯೇ. ಅದರ ಮೇಲೆ ಚಾಕು ಹಾಕಿಸಿಕೊಳ್ಳುವುದಂತೂ ಶುದ್ಧ ಹುಚ್ಚುತನ. ಆ ಸುತ್ತಿನ ಗುಡ್ಡಗಳಲ್ಲಿ ಚಿಕ್ಕ ಮಕ್ಕಳಿಗೂ ಒಂದು ಮಾತು ಗೊತ್ತು, ಹೊಟ್ಟೆ ತೆರೆದು ಆ ರೋಗಕ್ಕೆ ಗಾಳಿ ತಾಕಿಸಿದರೆ ಅದು ಮೈಯೆಲ್ಲ ಹಬ್ಬುತ್ತದೆ ಎಂದು. ಮರುದಿನವೇ ಸ್ಟಾಂಕ ಬಂದು ಇದನ್ನೇ ಹಿಡಿದು ಕೂತಳು.

ಸ್ಟಾಂಕ ಬರೀ ಅಕ್ಕನಲ್ಲ. ತಾಯಿ ಹಿಮದ ಚಳಿಗಾಲವೊಂದರಲ್ಲಿ ತೀರಿಕೊಂಡಾಗ ಜಂಫೀರ ಇನ್ನೂ ಮಣ್ಣಲ್ಲಿ ಆಡುತ್ತಿದ್ದವಳು. ಲಂಗ ಹೊಲಿದು, ಹೇನು ಬಾಚಿ, ಹೊಡೆದು, ಉಣಿಸಿ ಸಾಕಿದವಳು ಸ್ಟಾಂಕ. ದಾರಿಯೆಲ್ಲ ಹಿಮ ಮುಚ್ಚಿದ್ದರಿಂದ, ಮನೆಯಲ್ಲಿ ಹಿಟ್ಟೂ ಇಲ್ಲದ್ದರಿಂದ ತಾಯಿಗೆ ಪೊಮಾನದ ಊಟ ಹಾಕಲು ಆಗಿರಲಿಲ್ಲ. ಸತ್ತವರ ಹೆಸರಿನಲ್ಲಿ ಇಲ್ಲಿ ಏನು ಉಣಿಸುತ್ತೇವೋ, ಏನು ಕೊಡುತ್ತೇವೋ, ಅದು ಅಲ್ಲಿ ಅವರಿಗೆ ಸಿಗುತ್ತದೆ. ಊಟ ಹಾಕದಿದ್ದರೆ ಅಲ್ಲಿ ಹಸಿದೇ ಇರಬೇಕು. ಅಂದಿನಿಂದ ಸ್ಟಾಂಕಳ ಕನಸಿನಲ್ಲಿ ತಾಯಿ ಬರಿ ಬಟ್ಟಲು ಹಿಡಿದು ಬರುತ್ತಿದ್ದಳು. ಆಮೇಲೆ ಎಷ್ಟು ಪೊಮಾನ ಹಾಕಿದರೂ ಆ ಬಟ್ಟಲು ತುಂಬಲಿಲ್ಲ ಎಂದು ಸ್ಟಾಂಕ ಹೇಳುತ್ತಿದ್ದಳು.

"ಕೊಯ್ಯೋಕೆ ಬಿಡಬೇಡ ಕಣೇ," ಎಂದಳು ಸ್ಟಾಂಕ. "ನಮ್ಮೂರ ಗ್ಲಿಗೋರ್‌ಗೆ ಏನಾಯ್ತು ನೋಡಿದ್ಯಲ್ಲ. ತೆರೆದ್ರು, ಗಾಳಿ ತಾಕ್ತು, ಪ್ಲಮ್ ಹಣ್ಣಾಗೋದ್ರೊಳಗೆ ಹೋದ."

"ತೆರೆದಾಗಲೇ ಅವನ ಕಥೆ ಮುಗಿದಿತ್ತು ಅಕ್ಕ. ಬದುಕಿರೋವರೆಗೂ ಸಾರಾಯಿ ಬಿಟ್ಟು ಬೇರೇನೂ ತಾಕಿಸ್ಕೊಂಡೋನಲ್ಲ, ಪಾಪ ಗಾಳಿ ಮೇಲೆ ಯಾಕೆ ಹೇಳ್ತೀಯಾ?"

"ತಮಾಷೆ ಸಾಕು. ಬದುಕಿರುವಾಗ್ಲೇ ನಿನ್ನ ಪೊಮಾನ ಮಾಡ್ಕೋ. ನಿನಗೆ ಮಕ್ಕಳಿಲ್ಲ, ಓಪ್ರಿಯಾಗೆ ಮೊಟ್ಟೆ ಬೇಯಿಸೋಕೂ ಬರಲ್ಲ. ನೀನೇ ಮೇಜಿನ ತಲೆಗೆ ಕೂತು, ಎಲ್ಲರೂ ಉಣ್ಣೋದನ್ನ ಕಣ್ಣಾರೆ ನೋಡಿ, ಕೈಯಾರೆ ಕೊಟ್ಟು ಹೋಗು. ನಾನು ಅಡಿಗೆ ಮಾಡ್ತೀನಿ."

ಹಾಗೆ ಮಾಡಿಕೊಳ್ಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಅದರಲ್ಲಿ ಅವಮಾನವೇನೂ ಇರಲಿಲ್ಲ. ಮುದುಕರು ತಮ್ಮ ಪೊಮಾನದಲ್ಲಿ ತಾವೇ ಎರಡು ಸಲ ಬಡಿಸಿಕೊಂಡು ಉಂಡು, ಆಮೇಲೆ ವರ್ಷಗಟ್ಟಲೆ ಆರಾಮಾಗಿ ಬದುಕಿದ್ದೂ ಉಂಟು. ಆದರೆ ಜಂಫೀರ ಅಕ್ಕನ ಮುಖ ನೋಡಿದಳು. ಆ ಮುಖದಲ್ಲಿ ತಾನು ಆಗಲೇ ಸತ್ತಿದ್ದಳು.

"ಮಾಡ್ಕೊಂಡ್ರೆ ಸಾವಿಗೆ ಹೂಂ ಅಂದಂಗೆ. ನಾನು ಹೂಂ ಅನ್ನಲ್ಲ," ಎಂದಳು.

ಬೇಸಿಗೆಯಿಡೀ ಕೀಮೋ ನಡೆಯಿತು. ಬಾಯಿ ರುಚಿ ಕೆಟ್ಟಿತು, ತಣ್ಣೀರು ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಮಂಜುಗಡ್ಡೆಯ ನೀರಿನಲ್ಲಿ ಕೈಯಾಡಿಸಿದವಳಿಗೆ ಬಾವಿಯ ನೀರು ಮುಟ್ಟಲಾಗದ್ದು ರೋಗಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತು. ಕೊನೆಗೆ ಸ್ಕ್ಯಾನ್‌ನಲ್ಲಿ ಮಚ್ಚೆಗಳು ಕುಗ್ಗಿದ್ದು ಕಂಡು, ಅಲ್ಲಿನವರು ಅವಳನ್ನು ಬುಕಾರೆಸ್ಟಿನ ದೊಡ್ಡ ಆಸ್ಪತ್ರೆಗೆ, ಡಾಕ್ಟರ್ ವೊಯಿಕು ಎಂಬ ಸರ್ಜನ್ ಬಳಿಗೆ ಕಳಿಸಿದರು. ವೊಯಿಕು ಹೆಂಗಸು. ಸಣಕಲು ದೇಹ, ಚಿಕ್ಕ ಕೈ. ಇಷ್ಟು ಚಿಕ್ಕ ಕೈಯಲ್ಲಿ ಏನು ಕೊಯ್ಯುತ್ತಾಳೆ ಎಂದು ಜಂಫೀರಳಿಗೆ ಮೊದಲು ಅನುಮಾನವೇ ಆಯಿತು.

ಡಾಕ್ಟರು ಕಾರಿಡಾರಿಗೆ ಯಾರನ್ನೂ ಕರೆಯಲಿಲ್ಲ. ಅವಳನ್ನೇ ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. ಹೊಟ್ಟೆ ಸೀಳುವುದಿಲ್ಲ. ಸಣ್ಣ ಸಣ್ಣ ತೂತು ಹಾಕಿ, ಒಂದರಿಂದ ಕ್ಯಾಮೆರಾ, ಉಳಿದವುಗಳಿಂದ ಉದ್ದನೆಯ ಸಲಕರಣೆ ಇಳಿಸಿ, ಕರುಳಿನ ಕೆಟ್ಟ ತುಂಡನ್ನೂ ಲಿವರ್‌ನ ಮಚ್ಚೆಗಳನ್ನೂ ಒಂದೇ ಸಲಕ್ಕೆ ತೆಗೆಯುವುದು. ತೆಗೆದದ್ದನ್ನು ಹೊರಗೆ ತರಲು ಕೆಳಹೊಟ್ಟೆಯಲ್ಲಿ ಒಂದು ಚಿಕ್ಕ ಗಾಯ.

"ಅಷ್ಟು ಇಕ್ಕಟ್ಟಲ್ಲಿ ನಿಮಗೆ ಕಾಣೋದು ಹೆಂಗೆ ಡಾಕ್ಟ್ರಮ್ಮ?" ಜಂಫೀರ ಕೇಳಿದಳು.

"ಮೊದಲು ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸ್ತೀವಿ. ಸೋಡಾದಲ್ಲಿ ಇರುತ್ತಲ್ಲ, ಅದೇ ಗ್ಯಾಸ್. ಆಗ ಜಾಗ ಆಗುತ್ತೆ."

ಜಂಫೀರಳಿಗೆ ನಗು ಬಂತು. ತಡೆಯಲಾಗದೆ ಕುರ್ಚಿ ಹಿಡಿದುಕೊಂಡು ನಕ್ಕಳು. ಒಂದು ಚೂರು ಗಾಳಿ ತಾಕಿದರೆ ಸಾಯುತ್ತೀಯ ಎಂದು ಊರು ಬೊಬ್ಬೆ ಹೊಡೆಯುತ್ತಿದೆ, ಇವರು ಪಂಪು ಹಚ್ಚಿ ತುಂಬುತ್ತಾರಂತೆ.

"ನಮ್ಮಕ್ಕನಿಗೆ ಇದು ಗೊತ್ತಾದ್ರೆ ನನಗಿಂತ ಮುಂಚೆ ಅವಳೇ ಹೋಗ್ತಾಳೆ," ಎಂದು ಕಣ್ಣೊರೆಸಿಕೊಂಡಳು. "ನಾನೂ ಅದನ್ನೇ ಮಾಡೋದು ಡಾಕ್ಟ್ರಮ್ಮ. ಹಂದಿ ಲಿವರ್ ಮೇಲೆ ಮಚ್ಚೆ ಇದ್ರೆ ಅಷ್ಟನ್ನ ಕಿತ್ತು ಉಳಿದದ್ದನ್ನ ಇಟ್ಕೋತೀನಿ. ಕಣ್ಮುಚ್ಚಿ ತೆರೆಯೋದ್ರೊಳಗೆ ಆಗುತ್ತೆ."

"ನನಗೆ ಅಷ್ಟು ಬೇಗ ಆಗಲ್ಲಮ್ಮ. ಆ ಹಂದಿಗೆ ಮತ್ತೆ ಲಿವರ್ ಬೇಕಾಗಲ್ಲ, ನಿಮಗೆ ಬೇಕು. ಒಳಗೆ ಪೂರ್ತಿ ರಕ್ತನಾಳ. ಒಂದೊಂದನ್ನೂ ಹುಡುಕಿ ಮುಚ್ಕೊಂಡು ಹೋಗ್ಬೇಕು," ಎಂದರು ವೊಯಿಕು. ಆಮೇಲೆ ದನಿ ತಗ್ಗಿಸದೆಯೇ ಹೇಳಿದರು: "ಇನ್ನೊಂದು ವಿಷಯ. ಪೂರ್ತಿ ಹೋಯ್ತು ಅಂತ ನಾನು ಮಾತು ಕೊಡಲ್ಲ. ಮತ್ತೆ ಬರಬಹುದು. ಬಂದ್ರೆ ಮತ್ತೆ ತೆಗೆಯೋಕಾಗುತ್ತಾ ನೋಡೋಣ. ತೂತಿನಿಂದ ಮಾಡಿದ್ರೆ ಒಳಗೆ ಅಂಟ್ಕೊಳ್ಳೋದು ಕಮ್ಮಿ, ಎರಡನೇ ಸಲಕ್ಕೂ ದಾರಿ ಇರುತ್ತೆ."

ಇಷ್ಟು ದಿನಕ್ಕೆ ಒಬ್ಬರಾದರೂ ತನ್ನ ಜೊತೆ ಬದುಕಿರುವವರ ಜೊತೆ ಮಾತಾಡಿದಂತೆ ಮಾತಾಡಿದರಲ್ಲ ಎಂದು ಜಂಫೀರಳಿಗೆ ಎದೆ ತುಂಬಿ ಬಂತು. "ಹಾಕಿ ತೂತು," ಎಂದಳು.

ಊರು ಬಿಡುವ ಬೆಳಿಗ್ಗೆ ಅಕ್ಕನಿಗೆ ಖಡಾಖಂಡಿತವಾಗಿ ಹೇಳಿದಳು: "ನಾನು ವಾಪಸ್ ಬರೋವರೆಗೆ ಸತ್ತೋರಿಗೆ ಹಚ್ಚೋ ಹಂಗೆ ನನ್ನ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ಚಿದ್ರೂ ನೋಡು." ಹೆಣ್ಣುಹಂದಿ ಮರಿ ಹಾಕುವ ದಿನಗಳಾದ್ದರಿಂದ ಓಪ್ರಿಯ ಮನೆಯಲ್ಲೇ ಉಳಿಯಬೇಕಾಯಿತು. ಅವನನ್ನೂ ಮನೆಯನ್ನೂ ಸ್ಟಾಂಕಳ ಕೈಗೆ ಒಪ್ಪಿಸಿದಂತಾಯಿತಲ್ಲ ಎಂಬುದು ಜಂಫೀರಳಿಗೆ ಬಸ್ಸು ಹತ್ತುವ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ಆಪರೇಷನ್ ಬೆಳಿಗ್ಗೆ ಶುರುವಾಗಿ ಸಂಜೆಗೆ ಮುಗಿಯಿತು. ಎಚ್ಚರವಾದಾಗ ಅವಳು ಮೊದಲು ಮಾಡಿದ ಕೆಲಸ ಹೊದಿಕೆ ಎತ್ತಿ ಹೊಟ್ಟೆ ನೋಡಿಕೊಂಡದ್ದು. ಅಲ್ಲಲ್ಲಿ ಪುಟ್ಟ ಪಟ್ಟಿಗಳು, ಕೆಳಗೆ ಅಂಗೈಯಗಲದ ಒಂದು ಪಟ್ಟಿ. ಹೊಟ್ಟೆ ತನ್ನದೇ ಹೊಟ್ಟೆಯಂತೆ ಇತ್ತು. ಮಚ್ಚೆ ಎರಡೂ ಹೊರಬಂದವು, ಕರುಳು ಚೆನ್ನಾಗಿ ಸೇರಿಕೊಂಡಿದೆ ಎಂದು ವೊಯಿಕು ಹೇಳಿ ಹೋದರು. ಜಂಫೀರ ಹೆಮ್ಮೆಯಿಂದ ಮಲಗಿದಳು.

ಮರುದಿನ ಬಲ ಭುಜದಲ್ಲಿ ನೋವು ಹತ್ತಿತು. ಹೊಟ್ಟೆಯಲ್ಲಲ್ಲ, ಭುಜದಲ್ಲಿ. ಕೈ ಎತ್ತಲಾಗದಂಥ ನೋವು. ಕರುಳಿಗೂ ಭುಜಕ್ಕೂ ಏನು ಸಂಬಂಧ? ಅಕ್ಕ ಹೇಳಿದ್ದೇ ನಿಜವಾಯಿತು, ಗಾಳಿ ತಾಕಿತು, ಹಬ್ಬುತ್ತಿದೆ ಎಂದುಕೊಂಡಳು. ಯಾರಿಗೂ ಹೇಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿ, ಆ ರೋಗ ಶುರುವಾದ ಮೇಲೆ ಮೊದಲನೇ ಸಲ ಅತ್ತಳು. ಔಷಧಿ ಕೊಡಲು ಬಂದ ನರ್ಸ್ ಹೆಗಲು ಮುಟ್ಟಿದಾಗ ಅಯ್ಯೋ ಎಂದಳು. ನರ್ಸ್‌ಗೆ ಅರ್ಥವಾಯಿತು.

"ಭುಜಾನಾ? ಎಲ್ಲರಿಗೂ ಬರುತ್ತೆ. ತುಂಬಿದ ಗ್ಯಾಸ್ ಒಂಚೂರು ಉಳ್ಕೊಂಡು ಹೊಟ್ಟೆಗೂ ಎದೆಗೂ ಮಧ್ಯದ ಪರದೆಗೆ ಒತ್ತುತ್ತೆ, ಅದರ ನೋವು ಭುಜದಲ್ಲಿ ಕಾಣ್ಸುತ್ತೆ. ಎದ್ದು ನಡೀರಿ, ಹೋಗುತ್ತೆ."

"ನಡೆದ್ರೆ ಹೋಗುತ್ತಾ?"

"ಹೂಂ. ಮಲ್ಕೊಂಡು ಅಳ್ತಿದ್ರೆ ಇರುತ್ತೆ."

ಜಂಫೀರ ಎದ್ದಳು. ಒಂದು ಕೈಯಲ್ಲಿ ಸಲೈನ್ ಕಂಬ, ಇನ್ನೊಂದು ಕೈ ಗೋಡೆಗೆ. ಕಾರಿಡಾರಿನ ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ. ಪ್ರತಿ ಹೆಜ್ಜೆಗೂ ಒಂದೊಂದು ಬೈಗುಳವನ್ನು ಮನಸ್ಸಿನಲ್ಲೇ ಅಕ್ಕನಿಗೆ, ವೇತಳಿಗೆ, ಸತ್ತ ಗ್ಲಿಗೋರ್‌ಗೆ ಕೊಡುತ್ತ ನಡೆದಳು. ಮೂರನೆಯ ದಿನಕ್ಕೆ ನೋವು ಹೋಯಿತು. ಓಪ್ರಿಯನಿಗೆ ಫೋನ್ ಮಾಡಿದರೆ ಅವನು, "ಎಲ್ಲಾ ಚೆನ್ನಾಗಿದೆ. ಹಂದಿ ಮರಿ ಹಾಕ್ತು. ಮನೆ ಒಂದು ಸ್ವಲ್ಪ ಖಾಲಿ ಖಾಲಿ," ಎಂದ. ನನ್ನನ್ನು ನೆನೆಸಿಕೊಂಡು ಹೇಳುತ್ತಿದ್ದಾನೆ ಎಂದು ಜಂಫೀರ ಮೆತ್ತಗಾದಳು.

ಅವನು ಹೇಳಿದ್ದು ಮನೆಯ ವಿಷಯವೇ ಎಂದು ಅವಳಿಗೆ ಗೊತ್ತಾದದ್ದು ಊರಿಗೆ ಬಂದ ದಿನ. ಬಸ್ಸಿಳಿದಾಗ ನಿಲ್ದಾಣದಲ್ಲಿ ವೇತ ನಿಂತಿದ್ದಳು. ಜಂಫೀರಳನ್ನು ಕಂಡವಳೇ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಹೆಗಲ ಮೇಲೆ ಜಂಫೀರಳ ಹಸಿರು ಉಣ್ಣೆಯ ಶಾಲಿತ್ತು.

ಮನೆಯಲ್ಲಿ ಓಪ್ರಿಯ ಅಡಿಗೆಮನೆಯ ಮೂರುಕಾಲಿನ ಸ್ಟೂಲಿನ ಮೇಲೆ ಕೂತಿದ್ದ. ಕೂರಲು ಅದೊಂದೇ ಉಳಿದಿತ್ತು. ಮಂಚ ಇಲ್ಲ, ರಜಾಯಿ ಇಲ್ಲ, ತಾಮ್ರದ ದೊಡ್ಡ ಹಂಡೆ ಇಲ್ಲ, ಚಳಿಗಾಲದ ಬೂಟು ಇಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಕರುಳು ತೊಳೆಯುವ ಮರಿಗೆಯೂ ಇಲ್ಲ, ಅದರಲ್ಲಿ ಸದಾ ಇರುತ್ತಿದ್ದ ಚಾಕುವೂ ಇಲ್ಲ.

"ನಿಮ್ಮಕ್ಕ," ಎಂದ ಓಪ್ರಿಯ. "ನಿನ್ನನ್ನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ ದಿನ. ಟೇಬಲ್ ಮೇಲೆ ಹೋಗ್ಬಿಟ್ರೆ ಖಾಲಿ ಕೈಯಲ್ಲಿ ಹೋಗ್ತಾಳೆ ಅಂದ್ಲು. ನಿನ್ನ ಫೋಟೋನ ಮೇಜಿನ ತಲೆಗೆ ಇಟ್ಟು, ಇಡೀ ಊರಿಗೆ ಊಟ ಹಾಕಿದ್ಲು. ಸಾಮಾನೆಲ್ಲಾ ನಿನ್ನ ಹೆಸರಲ್ಲಿ ಕೊಟ್ಟುಬಿಟ್ಲು."

"ನೀನೇನು ಮಾಡ್ತಿದ್ದೆ?"

"ಬಡಿಸ್ತಿದ್ದೆ," ಎಂದ ಓಪ್ರಿಯ.

ಜಂಫೀರ ಗಂಡನ ಮೇಲೆ ಉಸಿರು ಹಾಳುಮಾಡಲಿಲ್ಲ. ನೇರ ಅಕ್ಕನ ಮನೆಗೆ ನಡೆದಳು. ಸ್ಟಾಂಕ ಬಾಗಿಲಲ್ಲೇ ಸಿಕ್ಕಿದಳು. ತಂಗಿಯನ್ನು ಕಂಡು ಮುಖ ಅರಳಿತು, ಮರುಗಳಿಗೆಯೇ ಗಂಟಿಕ್ಕಿತು. ಬದುಕಿ ಬಂದಳೆಂಬ ಸಂತೋಷ, ಸಿಕ್ಕಿಬಿದ್ದೆನೆಂಬ ಸಂಕಟ, ಎರಡೂ ಅಲ್ಲಿ ಗುದ್ದಾಡುತ್ತಿದ್ದವು.

"ಯಾಕೆ ಮಾಡಿದೆ ಅಕ್ಕ?"

"ಅಮ್ಮನ ಹಂಗೆ ನೀನೂ ಬಟ್ಟಲು ಹಿಡ್ಕೊಂಡು ನನ್ನ ಕನಸಲ್ಲಿ ಬರಬಾರ್ದು ಅಂತ."

"ನಾನು ಬದುಕಿ ಬರ್ತೀನಿ ಅಂತ ಒಂದು ಸಲಾನೂ ಅನ್ಸಲಿಲ್ವಾ ನಿಂಗೆ?"

ಸ್ಟಾಂಕ, "ಕೊಟ್ಟಿದ್ದು ವ್ಯರ್ಥ ಆಗಲ್ಲ. ಅಲ್ಲಿ ಇರುತ್ತೆ, ನೀನು ಯಾವಾಗ ಹೋದ್ರೂ ಸಿಗುತ್ತೆ," ಎಂದಳು.

"ನಂಗೆ ಇಲ್ಲಿ ಬೇಕು," ಎಂದಳು ಜಂಫೀರ. "ಎಲ್ಲಾ ವಾಪಸ್ ತಗೋತೀನಿ."

ಸ್ಟಾಂಕ ಬೆಚ್ಚಿ ಕದದ ಚೌಕಟ್ಟು ಹಿಡಿದುಕೊಂಡಳು. ಪೊಮಾನ ವಾಪಸ್ ಕೇಳಿದವರನ್ನು ಪೊಯೆನಿ ಕಂಡಿರಲಿಲ್ಲ. ಕುಡುಕರೂ ಕೇಳಿರಲಿಲ್ಲ, ಜಿಪುಣರೂ ಕೇಳಿರಲಿಲ್ಲ. ಕೊಟ್ಟದ್ದನ್ನು ಇಲ್ಲಿ ಹಿಂದಕ್ಕೆ ತೆಗೆದುಕೊಂಡರೆ ಅಲ್ಲಿ ಅದು ಮಾಯವಾಗುತ್ತದೆ. ತನ್ನ ಕೈಯಿಂದಲೇ ತನ್ನ ಅನ್ನ ಕಿತ್ತುಕೊಂಡಂತೆ.

"ಹಂಗೆ ಮಾಡಿದ್ರೆ ನನ್ನ ಮನೆ ಬಾಗಿಲು ತುಳೀಬೇಡ," ಎಂದಳು ಸ್ಟಾಂಕ.

"ಸರಿ," ಎಂದು ಜಂಫೀರ ತಿರುಗಿ ನಡೆದಳು.

ಮೊದಲು ವೇತಳ ಮನೆ. ವೇತ ಶಾಲನ್ನು ಎದೆಗೆ ಅವುಚಿಕೊಂಡು, "ವಾಪಸ್ ಕೊಟ್ರೆ ನಂಗೆ ಪಾಪ ಬರುತ್ತೆ ಕಣೇ," ಎಂದು ಅಳಲು ಶುರುಮಾಡಿದಳು.

"ಪಾಪ ನನಗೇ ಇರಲಿ, ಶಾಲು ಕೊಡು. ಬಂದ ಅಳುವನ್ನ ಹಂಗೇ ಇಟ್ಕೊಂಡಿರು, ನಿಜವಾಗಿ ಸತ್ತಾಗ ಬೇಕಾಗುತ್ತೆ."

ಭಾರ ಎತ್ತಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿ ಕಳಿಸಿದ್ದರು. ಆದ್ದರಿಂದ ಯಾರು ತೆಗೆದುಕೊಂಡಿದ್ದರೋ ಅವರೇ ಹೊತ್ತು ತರಬೇಕು ಎಂದು ಜಂಫೀರ ಹಟ ಹಿಡಿದಳು. ಮಂಚ ತೆಗೆದುಕೊಂಡಿದ್ದ ಅಣ್ಣತಮ್ಮಂದಿರು ಮಂಚ ಹೊತ್ತರು. ರಜಾಯಿ, ಬೂಟು, ತಟ್ಟೆಗಳು ಬೇರೆ ಬೇರೆ ಬಾಗಿಲುಗಳಿಂದ ಹೊರಬಿದ್ದವು. ಮುದುಕ ಪತ್ರು ಮರಿಗೆಯನ್ನು ಕೋಳಿಗಳಿಗೆ ನೀರಿಡಲು ಇಟ್ಟುಕೊಂಡಿದ್ದ. ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ಮೆರವಣಿಗೆಯ ಕೊನೆಯಲ್ಲಿ ಗೊಣಗುತ್ತ ಬಂದ.

"ನನ್ನ ಜನ್ಮದಲ್ಲಿ ಇಂಥದ್ದು ನೋಡಿಲ್ಲ. ಸತ್ತೋಳು ಬಂದು ಸಾಮಾನು ಕೇಳೋದಾ?"

"ನಾನು ಸತ್ತಿಲ್ಲ ಪತ್ರು ತಾತ."

"ನಾನು ಎರಡು ತಟ್ಟೆ ಉಂಡಿದ್ದೀನಲ್ಲಮ್ಮ ನಿನ್ನ ಹೆಸರಲ್ಲಿ. ಅದೇನು ಮಾಡ್ಲಿ?"

"ಅದನ್ನ ಇಟ್ಕೋ," ಎಂದಳು ಜಂಫೀರ ಧಾರಾಳವಾಗಿ.

ಚರ್ಚಿನ ಮುಂದೆ ಪಾದ್ರಿ ನಿಂತಿದ್ದರು. ಅಂದಿನ ಊಟಕ್ಕೆ ಅವರೂ ಬಂದು, ಮೊದಲು ಇದು ಸರಿಯಲ್ಲ ಎಂದು ಹೇಳಿ, ಆಮೇಲೆ ಹರಸಿ, ಉಂಡು ಹೋಗಿದ್ದರು. ಮೆರವಣಿಗೆ ನೋಡಿ ಗಡ್ಡ ತುರಿಸಿಕೊಂಡರು.

"ಜಂಫೀರ, ಇದೇನಮ್ಮ ಇದು?"

"ಫಾದರ್, ಬದುಕಿರೋರ ಪೊಮಾನ ಅಂದ್ರೆ ಅವರೇ ಮೇಜಿನ ತಲೆಗೆ ಕೂತು ಉಣ್ಬೇಕು ತಾನೇ? ನಾನು ಅವತ್ತು ಒಂದು ತೊಟ್ಟು ನೀರೂ ಕುಡಿದಿಲ್ಲ. ಹೊಟ್ಟೆ ಖಾಲಿ ಇರ್ಬೇಕು ಅಂತ ಆಸ್ಪತ್ರೇಲಿ ಉಪವಾಸ ಹಾಕಿದ್ರು. ನಾನು ಉಣ್ಣದ ಊಟ ನಂದು ಹೆಂಗಾಗುತ್ತೆ?"

ಪಾದ್ರಿ ಇದಕ್ಕೆ ಶಾಸ್ತ್ರದಲ್ಲಿ ಉತ್ತರ ಹುಡುಕುತ್ತಿರುವಾಗಲೇ ಮಂಚ ಮುಂದೆ ಹೋಯಿತು.

ಆ ಚಳಿಗಾಲ ಸ್ಟಾಂಕ ತಂಗಿಯೊಡನೆ ಮಾತಾಡಲಿಲ್ಲ. ಹಂದಿ ಬೀಳುವ ದಿನಗಳು ಬಂದಾಗ ಮೊದಲ ಕೆಲವು ಮನೆಯವರು ಜಂಫೀರಳನ್ನು ಕರೆಯಲು ಹಿಂಜರಿದರು. ಪೊಮಾನ ಆಗಿಹೋದವಳ ಕೈಯಲ್ಲಿ ತೊಳೆಸುವುದು ಹೇಗೆ ಎಂದು. ತಾವೇ ತೊಳೆದು ತಿಂದು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಟೋಪಿ ಕೈಯಲ್ಲಿ ಹಿಡಿದು ಅವಳ ಬಾಗಿಲಿಗೆ ಬಂದರು. ಕೀಮೋ ಬಿಟ್ಟುಹೋದ ಜೋಮು ಇನ್ನೂ ಬೆರಳುಗಳಲ್ಲಿತ್ತು. ನೀರು ಕಾಯಿಸಿ ಹಳ್ಳದವರೆಗೆ ಹೊತ್ತು ತಂದುಕೊಟ್ಟರೆ ತೊಳೆಯುತ್ತೇನೆ, ಮರಿಗೆಯನ್ನೂ ನೀವೇ ಎತ್ತಬೇಕು ಎಂದಳು. ಮೀಸೆಯ ಗಂಡಸರು ಬಿಸಿನೀರಿನ ಬಕೆಟ್ ಹಿಡಿದು ಅವಳ ಹಿಂದೆ ಇಳಿಜಾರಿನಲ್ಲಿ ಜಾರುತ್ತ ಹೋಗುವುದನ್ನು ನೋಡಲು ಹೆಂಗಸರು ಬೇಲಿಗಳ ಬಳಿ ಸೇರುತ್ತಿದ್ದರು.

ಮರುವರ್ಷ ಪ್ಲಮ್ ಕೊಯ್ಲಿನ ಹೊತ್ತಿಗೆ ತಪಾಸಣೆಗೆಂದು ಬುಕಾರೆಸ್ಟಿಗೆ ಹೋದಾಗ ಸ್ಕ್ಯಾನ್‌ನಲ್ಲಿ ಲಿವರ್ ಮೇಲೆ ಹೊಸದೊಂದು ಮಚ್ಚೆ ಕಂಡಿತು. ಒಂದೇ ಮಚ್ಚೆ, ಅಂಚಿನಲ್ಲಿದೆ, ಅದೇ ರೀತಿ ತೂತು ಹಾಕಿ ತೆಗೆಯಬಹುದು, ದಿನ ಗೊತ್ತುಮಾಡೋಣ ಎಂದರು ವೊಯಿಕು. ಜಂಫೀರ ಅವರ ಮುಂದೆ ಆಗಲಿ ಎಂದು ತಲೆಯಾಡಿಸಿದಳು. ಹಿಂದಿರುಗುವ ಬಸ್ಸಿನಲ್ಲಿ ಕೂತ ಮೇಲೆ ಒಳಗಿನಿಂದ ಏನೋ ಕಳಚಿಬಿತ್ತು. ಹೋದ ಸಲ ಊರಿನ ಮೇಲೆ, ಅಕ್ಕನ ಮೇಲೆ ಸಿಟ್ಟಿತ್ತು, ಆ ಸಿಟ್ಟೇ ಅವಳನ್ನು ಎತ್ತಿಕೊಂಡು ಹೋಗಿತ್ತು. ಈ ಸಲ ಸಿಟ್ಟು ಮಾಡಿಕೊಳ್ಳಲು ಯಾರೂ ಇರಲಿಲ್ಲ. ಎಷ್ಟು ಸಲ ಎಂದು ಕೇಳಿಕೊಂಡಳು. ಇವರು ತೆಗೆಯುತ್ತ ಹೋಗುವುದು, ಅದು ಬರುತ್ತ ಹೋಗುವುದು. ಸಾಕಾಗಿತ್ತು ಅವಳಿಗೆ.

ಬಸ್ಸಿಳಿದು ಮನೆಗೆ ಹೋಗಲಿಲ್ಲ. ಅಕ್ಕನ ಬಾಗಿಲು ತುಳಿದಳು.

ಸ್ಟಾಂಕ ಒಲೆಯ ಮುಂದೆ ನಿಂತು ಮೆಕ್ಕೆಜೋಳದ ಹಿಟ್ಟಿನ ಮಾಮಾಲಿಗ ಮುದ್ದೆ ತಿರುವುತ್ತಿದ್ದಳು. ತಿರುಗಿ ನೋಡಿದಳು, ಹೊರಗೆ ಹೋಗು ಎನ್ನಲಿಲ್ಲ. ಜಂಫೀರ ಬೆಂಚಿನ ಮೇಲೆ ಕೂತಳು.

"ಮತ್ತೆ ಬಂದಿದೆ ಅಕ್ಕ."

ಸ್ಟಾಂಕಳ ಕೈಯ ಕೋಲು ನಿಂತಿತು. ಮುದ್ದೆ ತಳ ಹತ್ತುವ ವಾಸನೆ ಬರುವವರೆಗೂ ಅದು ನಿಂತೇ ಇತ್ತು.

"ನೀನು ಹೇಳಿದ್ದೇ ಸರಿ," ಎಂದಳು ಜಂಫೀರ. "ಪೊಮಾನ ಮಾಡು. ಈ ಸಲ ನಾನೇ ಮೇಜಿನ ತಲೆಗೆ ಕೂತ್ಕೋತೀನಿ. ಶಾಲು ವೇತಾಗೇ ಕೊಡು. ನಂಗೆ ಸಾಕಾಗಿದೆ."

"ಡಾಕ್ಟ್ರಮ್ಮ ಏನಂದ್ಲು?"

"ಮತ್ತೆ ತೂತು ಹಾಕಿ ತೆಗೀಬಹುದು ಅಂದ್ಲು."

"ಹಂಗಾದ್ರೆ ಹಾಕಿಸ್ಕೋ."

ಜಂಫೀರ ತಲೆಯೆತ್ತಿದಳು. "ಗ್ಯಾಸ್ ತುಂಬ್ತಾರೆ ಅಕ್ಕ. ಹೋದ ಸಲ ನಿಂಗೆ ಹೇಳಿರ್ಲಿಲ್ಲ. ಹೊಟ್ಟೆ ತುಂಬಾ ತುಂಬ್ತಾರೆ."

"ತೂತು ಹಾಕಿಸ್ಕೊಂಡ ಮೇಲೂ ಚಳಿಗಾಲವಿಡೀ ನೀನು ನನ್ನ ಬಾಗಿಲ ಮುಂದೆ ಬಕೆಟ್ ಗಂಡಸರನ್ನ ಕಟ್ಕೊಂಡು ಓಡಾಡಿದ್ದನ್ನ ನೋಡಿದ್ದೀನಿ. ಏನು ಬೇಕಾದ್ರೂ ತುಂಬ್ಲಿ."

"ಪೊಮಾನ?"

"ಮಾಡಲ್ಲ."

"ನಾನೇ ಕೇಳ್ತಿದ್ದೀನಿ ಅಕ್ಕ. ಹೋದ ವರ್ಷ ಬೇಡ ಅಂದಾಗ ಮಾಡಿದೆ, ಈಗ ಬೇಕು ಅಂದ್ರೆ ಮಾಡಲ್ವಾ?"

"ಮಾಡಲ್ಲ ಅಂದೆನಲ್ಲ. ನನ್ನ ಒಲೆ, ನನ್ನ ಕೈ. ನಿನ್ನ ಸಾವಿಗೆ ನಾನು ಇನ್ನೊಂದು ಸಲ ಅಡಿಗೆ ಮಾಡಲ್ಲ."

"ಅಲ್ಲಿ ನಂಗೇನೂ ಇಲ್ಲ ಈಗ. ಎಲ್ಲಾ ವಾಪಸ್ ತಗೊಂಡುಬಿಟ್ಟೆ," ಎಂದಳು ಜಂಫೀರ. "ಹಸಿವಾದ್ರೆ ಏನು ಮಾಡ್ಲಿ?"

ಸ್ಟಾಂಕ ಮುದ್ದೆಯನ್ನು ಹಲಗೆಯ ಮೇಲೆ ಕವುಚಿದಳು. ದಾರ ಎಳೆದು ಕುಯ್ದಳು. ದೊಡ್ಡ ತುಂಡಿನ ಮೇಲೆ ಚೀಸು ಉದುರಿಸಿ ತಂಗಿಯ ಮುಂದೆ ಇಟ್ಟಳು.

"ಅಲ್ಲಿ ಹಸಿವಾದ್ರೆ ಆಗ್ಲಿ. ಅಮ್ಮನ ಪಕ್ಕ ಕೂತು ಹಸ್ಕೊಂಡಿರು, ನಾನು ಬಂದಾಗ ನೋಡ್ಕೋತೀನಿ. ಈಗ ಇಲ್ಲಿ ನನ್ನ ಕಣ್ಮುಂದೆ ಉಣ್ಣು. ಆಪರೇಷನ್‌ಗೆ ಯಾವತ್ತು ಹೋಗ್ಬೇಕು ಹೇಳು, ನಾನೂ ಬರ್ತೀನಿ."

ಜಂಫೀರ ತಟ್ಟೆ ಎಳೆದುಕೊಂಡಳು. ಬಹಳ ದಿನಗಳ ಮೇಲೆ ಅವಳಿಗೆ ನಿಜವಾಗಿ ಹಸಿವಾಗಿತ್ತು.